ಅಡುಗೆಕಟ್ಟೆಗೆ ಮರ: ಮೊದಲು ನೀರಿನ ಮಾತು, ಆಮೇಲೆ ಬಣ್ಣದ್ದು

ಅಡುಗೆಮನೆಯ ಕಟ್ಟೆಗೆ ಮರದ ಹಲಗೆ ಹಾಕಿಸಬೇಕು ಅಂತ ಹೊರಟವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ. ಯಾವ ಮರ ಒಳ್ಳೆಯದು? ಓಕ್ ಆದೀತಾ, ತೇಗವೇ ಬೇಕಾ, ವಾಲ್‌ನಟ್‌ನ ಆ ಗಾಢ ಕಂದು ಬಣ್ಣ ಎಷ್ಟು ಚೆಂದ ಅಲ್ವಾ? ಮರಗೆಲಸದ ಹುಚ್ಚಿನವನು ಅಂತ ಹೆಸರು ಬಿದ್ದಿರುವುದರಿಂದ ನನ್ನ ಹತ್ತಿರವೂ ಈ ಪ್ರಶ್ನೆ ಆಗಾಗ ಬರುತ್ತದೆ. ಮರದ ಹೆಸರು ಹೇಳುವ ಮುಂಚೆ ನಾನು ತಿರುಗಿ ಒಂದು ಮಾತು ಕೇಳುತ್ತೇನೆ. ನಿಮ್ಮ ಕಟ್ಟೆಯ ಮೇಲೆ ನೀರು ಎಲ್ಲಿ ನಿಲ್ಲುತ್ತದೆ?

ಹೆಚ್ಚಿನವರು ತಡವರಿಸುತ್ತಾರೆ. ದಿನಾ ನಿಂತು ಕೆಲಸ ಮಾಡುವ ಜಾಗವೇ ಆದರೂ ಯಾರೂ ಅದನ್ನು ಹಾಗೆ ನೋಡಿರುವುದಿಲ್ಲ. ಒಂದು ದಿನ ಸುಮ್ನೆ ಗಮನಿಸಿ. ನಲ್ಲಿಯ ಬುಡ ಸದಾ ಒದ್ದೆ. ತೊಳೆದ ಪಾತ್ರೆ ಬೋರಲು ಹಾಕುವ ಕಡೆ ಇನ್ನೊಂದಿಷ್ಟು ನೀರು. ಸಿಂಕಿನ ಮುಂದಿನ ಅಂಚಿನಲ್ಲಿ ಕೈಯಿಂದ ಸೋರಿದ ಹನಿಗಳು. ಅಲ್ಲಿಂದ ಎರಡು ಹೆಜ್ಜೆ ಆಚೆಗೆ ಹೋದರೆ ಕಟ್ಟೆ ಬಹುತೇಕ ಒಣಗಿಯೇ ಇರುತ್ತದೆ. ಮರದ ಕಟ್ಟೆ ಹಾಳಾಯಿತು ಅಂತ ಯಾರಾದರೂ ಬೇಸರದಿಂದ ತೋರಿಸಿದಾಗ ನಾನು ನೋಡಿರುವುದು ಸಾಮಾನ್ಯವಾಗಿ ಸಿಂಕಿನ ಸುತ್ತಲಿನ ಈ ಒಂದು ಗೇಣು ಜಾಗವನ್ನೇ. ಮಿಕ್ಕ ಹಲಗೆ ಗಟ್ಟಿಮುಟ್ಟಾಗಿಯೇ ಇರುತ್ತದೆ.

ಮರ ಕಡಿದು, ಕೊಯ್ದು, ಒಣಗಿಸಿ, ನುಣುಪು ಮಾಡಿದ ಮೇಲೂ ನೀರು ಕುಡಿಯುವುದನ್ನು ಬಿಡುವುದಿಲ್ಲ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಹೀರಿಕೊಳ್ಳುತ್ತದೆ, ಕಡಿಮೆಯಾದರೆ ಬಿಟ್ಟುಕೊಡುತ್ತದೆ. ಸುತ್ತಲಿನ ಗಾಳಿಯ ಆರ್ದ್ರತೆ 50 ಪ್ರತಿಶತ ಇದ್ದರೆ ಮರದ ಒಳಗಿನ ತೇವ ಸುಮಾರು 9 ಪ್ರತಿಶತಕ್ಕೆ ಬಂದು ನಿಲ್ಲುತ್ತದೆ. ಆರ್ದ್ರತೆ 80 ಮುಟ್ಟಿ ಅಲ್ಲೇ ನಿಂತರೆ ಮರದ ತೇವ 16ರ ಹತ್ತಿರ ಹೋಗುತ್ತದೆ. ಎಣ್ಣೆ, ವಾರ್ನಿಷ್ ಯಾವುದೂ ಇದನ್ನು ಪೂರ್ತಿ ತಡೆಯುವುದಿಲ್ಲ. ನಿಧಾನ ಮಾಡುತ್ತವೆ ಅಷ್ಟೇ.

ತೇವ ಏರಿಳಿದಾಗ ಹಲಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಎಳೆಯ ಉದ್ದಕ್ಕೆ ಅದು ಅಲುಗುವುದೇ ಇಲ್ಲ ಅನ್ನಬಹುದು. ಮೂರು ಮೀಟರ್ ಉದ್ದದ ಹಲಗೆಯಲ್ಲೂ ವ್ಯತ್ಯಾಸ ಒಂದು ಮಿಲಿಮೀಟರಿನ ಆಸುಪಾಸು. ಆಟವೆಲ್ಲ ಅಗಲದಲ್ಲಿ. 60 ಸೆಂಟಿಮೀಟರ್ ಅಗಲದ ಬಿಳಿ ಓಕ್ ಹಲಗೆಯ ತೇವ 8 ಪ್ರತಿಶತದಿಂದ 12ಕ್ಕೆ ಏರಿತು ಅಂದುಕೊಳ್ಳಿ. ದಿಮ್ಮಿಯ ಉಂಗುರಗಳು ಹಲಗೆಯಲ್ಲಿ ಅಡ್ಡ ಮಲಗಿರುವಂತೆ ಕೊಯ್ದದ್ದಾದರೆ ಅದು ಸುಮಾರು 8 ಮಿಲಿಮೀಟರ್ ಹಿಗ್ಗುತ್ತದೆ. ಉಂಗುರಗಳು ನೆಟ್ಟಗೆ ನಿಲ್ಲುವಂತೆ ಕೊಯ್ದದ್ದಾದರೆ ಹೆಚ್ಚುಕಡಿಮೆ ಅದರ ಅರ್ಧ. ಅದೇ ಜಾಗದಲ್ಲಿ ಅಡ್ಡ ಕೊಯ್ದ ತೇಗವೂ ನಾಲ್ಕೂವರೆ ಮಿಲಿಮೀಟರ್ ದಾಟುವುದಿಲ್ಲ. ತೇಗಕ್ಕೆ ಇಷ್ಟು ಮರ್ಯಾದೆ ಸುಮ್ನೆ ಬಂದದ್ದಲ್ಲ.

ಈ ಎಂಟು ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಇದನ್ನು ಯೋಚಿಸದೆ ಹಲಗೆಯನ್ನು ಗೋಡೆಗೆ ಒತ್ತಿ, ಕೆಳಗಿನ ಪೆಟ್ಟಿಗೆಗೆ ಅಂಟು ಬಳಿದು, ನೇರ ತೂತಿನಲ್ಲಿ ಸ್ಕ್ರೂ ಬಿಗಿದರೆ ಮರ ತನ್ನ ದಾರಿ ತಾನೇ ಮಾಡಿಕೊಳ್ಳುತ್ತದೆ. ಎಲ್ಲೋ ಬಿರುಕು ಬಿಡುತ್ತದೆ, ಇಲ್ಲ ನಡುವೆ ಉಬ್ಬುತ್ತದೆ. ಹಾಗಾಗಿ ಗೋಡೆಯ ಕಡೆ ಒಂದಿಷ್ಟು ಸಂದು ಬಿಡಬೇಕು. ಆ ಸಂದನ್ನು ಗೋಡೆಯ ಟೈಲ್ಸ್ ಅಥವಾ ಒಂದು ತೆಳು ಪಟ್ಟಿ ಮುಚ್ಚುತ್ತದೆ. ಸ್ಕ್ರೂ ಹೋಗುವ ಬ್ರಾಕೆಟ್ಟಿನ ತೂತು ದುಂಡಗಿರದೆ ಉದ್ದಗಿರಬೇಕು, ಆಗ ಹಲಗೆ ಸ್ಕ್ರೂ ಜೊತೆಗೇ ಹಿಂದೆ ಮುಂದೆ ಸರಿಯುತ್ತದೆ. ಅಂಟು ಮಾತ್ರ ಬೇಡವೇ ಬೇಡ.

ಒಲೆಯ ಕಡೆಯಿಂದ ಇನ್ನೊಂದು ಕಟ್ಟೆ ಸೇರುವ ಮೂಲೆಯಲ್ಲೂ ಇದೇ ಕಥೆ. ಫೋಟೋಗಳಲ್ಲಿ 45 ಡಿಗ್ರಿ ಕತ್ತರಿಸಿ ಜೋಡಿಸಿದ ಮೂಲೆ ಬಹಳ ಅಂದವಾಗಿ ಕಾಣುತ್ತದೆ. ನಾನಂತೂ ಅದನ್ನು ಒಪ್ಪುವುದಿಲ್ಲ. ಅಗಲ ಮಾತ್ರ ಬದಲಾಗಿ ಉದ್ದ ಹಾಗೇ ಉಳಿಯುವುದರಿಂದ ಕತ್ತರಿಸಿದ ಕೋನವೇ ಬದಲಾಗುತ್ತದೆ. ತೇವದ ದಿನಗಳಲ್ಲಿ ಜೋಡಣೆಯ ಹೊರತುದಿ ಬಾಯಿ ಬಿಡುತ್ತದೆ, ಒಣ ದಿನಗಳಲ್ಲಿ ಒಳತುದಿ. ಒಂದು ಹಲಗೆಯ ತುದಿಯನ್ನು ಇನ್ನೊಂದರ ಬದಿಗೆ ನೇರವಾಗಿ ತಾಗಿಸಿ, ಅಡಿಯಿಂದ ಬೋಲ್ಟು ಹಾಕಿ ಬಿಗಿಯುವುದು ನೋಡಲು ಸಾದಾ. ಆದರೆ ಅದು ಬಾಳಿಕೆ ಬರುತ್ತದೆ.

ಈಗ ಅಡಿಭಾಗದ ಮಾತು. ಅಂಗಡಿಯಲ್ಲಿ ಹಲಗೆಯನ್ನು ಮೇಲಿನಿಂದ ಸವರಿ ನೋಡುವವರೇ ಎಲ್ಲ. ತಿರುಗಿಸಿ ನೋಡುವವರು ಕಡಿಮೆ. ಮೇಲ್ಮೈಗೆ ನಾಲ್ಕು ಸಲ ಎಣ್ಣೆ ಕುಡಿಸಿ ಅಡಿಗೆ ಏನೂ ಹಚ್ಚದೆ ಬಿಟ್ಟರೆ, ತೇವ ಅಡಿಯಿಂದ ಬೇಗ ಒಳಗೆ ಹೋಗುತ್ತದೆ. ಅಡಿ ಹಿಗ್ಗುತ್ತದೆ, ಮೇಲ್ಭಾಗ ಹಾಗೇ ಇರುತ್ತದೆ. ಹಲಗೆಯ ಎರಡು ಅಂಚೂ ಮೇಲೆದ್ದು ನಡುವೆ ತಗ್ಗು ಬೀಳುತ್ತದೆ. ಡಿಶ್‌ವಾಷರ್ ಇರುವ ಮನೆಯಲ್ಲಿ ಇದು ಇನ್ನೂ ಬೇಗ, ಯಾಕೆಂದರೆ ಬಾಗಿಲು ತೆಗೆದಾಗಲೆಲ್ಲ ಬಿಸಿ ಆವಿ ನೇರವಾಗಿ ಹಲಗೆಯ ಅಡಿಗೇ ಹೊಡೆಯುತ್ತದೆ. ಅಲ್ಲಿ ಒಂದು ಅಲ್ಯೂಮಿನಿಯಂ ಹಾಳೆಯೋ ತೇವ ತಡೆಯುವ ಪೊರೆಯೋ ಅಂಟಿಸಬೇಕು. ಮೇಲೆ ಎಷ್ಟು ಎಣ್ಣೆಯೋ ಕೆಳಗೂ ಅಷ್ಟೇ ಎಣ್ಣೆ. ಕೆಲಸದವರು “ಅದು ಯಾರಿಗೂ ಕಾಣಲ್ಲ ಬಿಡಿ ಸಾರ್” ಅನ್ನುತ್ತಾರೆ. ಆಗ ಪಕ್ಕದಲ್ಲೇ ನಿಂತು ಮಾಡಿಸಬೇಕು.

ಅಡಿಗಿಂತಲೂ ಹೆಚ್ಚು ಬಾಯಾರಿದ ಜಾಗ ಅಡ್ಡ ಕತ್ತರಿಸಿದ ತುದಿ. ಮರ ಬದುಕಿದ್ದಾಗ ಬೇರಿನಿಂದ ನೀರು ಮೇಲೇರಿದ ಸಣ್ಣ ಕೊಳವೆಗಳು ಅಲ್ಲಿ ಬಾಯಿ ತೆರೆದುಕೊಂಡಿರುತ್ತವೆ. ಸಿಂಕಿಗಾಗಿ ಹಲಗೆಯ ನಡುವೆ ಚೌಕ ಕೊಯ್ದರೆ ಅದರ ಎರಡು ಬದಿಯಲ್ಲಿ ಸಿಗುವುದು ಇದೇ ತುದಿ. ಅಂದರೆ ಮರ ಅತಿ ಹೆಚ್ಚು ಹೀರುವ ಜಾಗವನ್ನು ನಾವೇ ಅತಿ ಹೆಚ್ಚು ನೀರಿರುವ ಜಾಗದಲ್ಲಿ ತೆರೆದು ಕೊಡುತ್ತೇವೆ. ನಲ್ಲಿಗೆ ಕೊರೆದ ತೂತಿನ ಒಳಗೋಡೆಯೂ ಹಾಗೆಯೇ, ಅದು ಕಣ್ಣಿಗೇ ಬೀಳುವುದಿಲ್ಲ. ಸಿಂಕು ಕೂರಿಸುವ ಮುಂಚೆ ಈ ಕೊಯ್ದ ಬಾಯಿಗಳಿಗೆ ಮತ್ತೆ ಮತ್ತೆ ಎಣ್ಣೆ ಅಥವಾ ಸೀಲರ್ ಹಚ್ಚಬೇಕು. ಇನ್ನು ಹೀರುವುದಿಲ್ಲ ಅನ್ನುವಷ್ಟು. ಕೂರಿಸಿದ ಮೇಲೆ ಯಾವ ಬ್ರಶ್ಶೂ ಒಳಗೆ ಹೋಗುವುದಿಲ್ಲ.

ಬಿಳಿ ಓಕ್ ಇಲ್ಲಿ ಸ್ವಲ್ಪ ಬೇರೆ. ಅದರ ಚೇಗಿನ, ಅಂದರೆ ದಿಮ್ಮಿಯ ಒಳಗಿನ ಗಾಢಬಣ್ಣದ ಭಾಗದ, ಕೊಳವೆಗಳನ್ನು ಮರ ತಾನೇ ಒಳಗಿನಿಂದ ಮುಚ್ಚಿಕೊಂಡಿರುತ್ತದೆ. ವೈನ್, ವಿಸ್ಕಿ ತುಂಬುವ ಪೀಪಾಯಿಗಳಿಗೆ ಆ ಮರ ಬಳಸುವುದು ಅದಕ್ಕೇ, ಸೋರುವುದಿಲ್ಲ. ಕೆಂಪು ಓಕ್ ಹಾಗಲ್ಲ. ಅದರ ಸಣ್ಣ ತುಂಡಿನ ಒಂದು ತುದಿಗೆ ಬಾಯಿಟ್ಟು ಊದಿದರೆ ಇನ್ನೊಂದು ತುದಿಯಿಂದ ಗಾಳಿ ಬರುತ್ತದೆ. ಆ ತುದಿಯನ್ನು ನೀರಿನಲ್ಲಿ ಅದ್ದಿ ಊದಿದರೆ ಗುಳ್ಳೆ ಏಳುತ್ತದೆ. ಮಕ್ಕಳಿಗೆ ತೋರಿಸಿದರೆ ಖುಷಿಪಡುತ್ತಾರೆ. ಬರೀ “ಓಕ್” ಅಂತ ಬರೆದ ಚೀಟಿ ನಂಬಬೇಡಿ, ಯಾವ ಓಕ್ ಅಂತ ಕೇಳಿ.

ಓಕ್‌ಗೆ ಇನ್ನೊಂದು ಸ್ವಭಾವ ಇದೆ. ಅದರಲ್ಲಿ ಟ್ಯಾನಿನ್ ಅನ್ನುವ ಒಗರು ಪದಾರ್ಥ ಜಾಸ್ತಿ. ಕಬ್ಬಿಣದ ಬಾಣಲೆಯ ಒದ್ದೆ ತಳ ಒಂದು ರಾತ್ರಿ ಅದರ ಮೇಲೆ ಕೂತರೆ ಬೆಳಗ್ಗೆ ನೀಲಿಗಪ್ಪು ಉಂಗುರ. ಕಬ್ಬಿಣ, ಟ್ಯಾನಿನ್, ನೀರು ಮೂರೂ ಸೇರಿದರೆ ಹುಟ್ಟುವುದು ಶಾಯಿ. ಯುರೋಪಿನಲ್ಲಿ ನೂರಾರು ವರ್ಷ ಹಸ್ತಪ್ರತಿ ಬರೆದದ್ದು ಇದೇ ರಸಾಯನದ ಮಸಿಯಿಂದ. ಆಕ್ಸಾಲಿಕ್ ಆಮ್ಲದ ದ್ರಾವಣ ಹಚ್ಚಿದರೆ ಕಲೆ ಹೋಗುತ್ತದೆ. ಆದರೆ ಅದು ವಿಷ. ಕೈಗವಸು ಹಾಕಿಕೊಂಡು ಹಚ್ಚಬೇಕು, ಆಮೇಲೆ ಚೆನ್ನಾಗಿ ತೊಳೆಯಬೇಕು. ಸ್ಟೀಲ್ ಉಣ್ಣೆಯಿಂದ ಓಕ್ ಕಟ್ಟೆ ಉಜ್ಜುವವರು ಇನ್ನೊಂದು ತೊಂದರೆ ತಂದುಕೊಳ್ಳುತ್ತಾರೆ. ಉಜ್ಜುವಾಗ ಉದುರಿದ ಕಬ್ಬಿಣದ ಪುಡಿ ಎಳೆಯೊಳಗೆ ಕೂತು, ನೀರು ಬಿದ್ದಾಗ ಚುಕ್ಕೆ ಚುಕ್ಕೆಯಾಗಿ ಕಪ್ಪಾಗುತ್ತದೆ.

ಹಾಗಾದರೆ ಸಿಂಕಿನ ಪಕ್ಕ ಮರ ಬೇಕೇ? ನನ್ನ ಅಭಿಪ್ರಾಯ ನೇರ. ಬೇಡ. ಸಿಂಕಿನ ಎರಡೂ ಕಡೆ ಕಲ್ಲು ಅಥವಾ ಸ್ಟೀಲ್ ಇರಲಿ, ಅಲ್ಲಿಂದ ಆಚೆ ಮರ ಶುರುವಾಗಲಿ. ಇದು ರಾಜಿ ಅಂತ ಕೆಲವರಿಗೆ ಅನಿಸಬಹುದು. ಇಡೀ ಕಟ್ಟೆ ಒಂದೇ ಬಣ್ಣದಲ್ಲಿ ಹರಿಯಬೇಕು ಅನ್ನುವ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಕಟ್ಟೆಯಲ್ಲಿ ನಡೆಯುವ ಕೆಲಸವೇ ಒಂದೇ ಥರ ಇಲ್ಲವಲ್ಲ. ತೊಳೆಯುವ ಜಾಗ ಬೇರೆ, ಹೆಚ್ಚುವ ಜಾಗ ಬೇರೆ, ಕೂತು ಮಾತಾಡುವ ಜಾಗ ಬೇರೆ. ನಡುವೆ ಒಂಟಿಯಾಗಿ ನಿಲ್ಲುವ ಕಟ್ಟೆ ಇದ್ದರೆ ಮರಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿ ಗೋಡೆಯ ಕಾಟವೂ ಇಲ್ಲ, ನಲ್ಲಿಯ ಕಾಟವೂ ಇಲ್ಲ.

ಸಿಂಕಿನ ಬಳಿಯೂ ಮರವೇ ಬೇಕು ಅಂತ ಹಠ ಇದ್ದರೆ ಒಂದು ಸಣ್ಣ ಉಪಾಯ ಹೇಳುತ್ತೇನೆ. ಸಿಂಕಿನ ಮೇಲೆ ಚಾಚಿದ ಅಂಚಿನ ಅಡಿಯಲ್ಲಿ, ತುದಿಯಿಂದ ಸ್ವಲ್ಪ ಒಳಗೆ, ಉದ್ದಕ್ಕೂ ಮೂರು ನಾಲ್ಕು ಮಿಲಿಮೀಟರ್ ಆಳದ ಒಂದು ಗೀರು ಕೊರೆಸಿ. ಅಂಚಿನಿಂದ ಇಳಿದ ನೀರು ಅಡಿಭಾಗಕ್ಕೆ ಅಂಟಿಕೊಂಡು ಹಿಂದಕ್ಕೆ ಹರಿಯುತ್ತದೆ. ಗೀರು ಸಿಕ್ಕಿದಾಗ ದಾಟಲಾಗದೆ ಕೆಳಗೆ ಉದುರುತ್ತದೆ. ಕಿಟಕಿಯ ಮೇಲಿನ ಸಜ್ಜಾದ ಅಡಿಯಲ್ಲಿ ಗಾರೆಯವರು ಮಾಡುವುದೂ ಇದನ್ನೇ. ಕೆಲಸ ಚಿಕ್ಕದು, ಕೇಳದಿದ್ದರೆ ಯಾರೂ ಮಾಡುವುದಿಲ್ಲ.

ಬೆಂಕಿಯ ವಿಷಯ ಬೇಗ ಮುಗಿಸುತ್ತೇನೆ. ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರವಾಗಿ ಮರದ ಮೇಲೆ ಇಟ್ಟರೆ ಸುಟ್ಟ ಉಂಗುರ ಖಂಡಿತ. ಯಾವ ಮರವೂ ಇದಕ್ಕೆ ಹೊರತಲ್ಲ, ಯಾವ ಎಣ್ಣೆಯೂ ಕಾಪಾಡುವುದಿಲ್ಲ. ಹಾಬ್, ಅಂದರೆ ಕಟ್ಟೆಯೊಳಗೇ ಹುದುಗಿಸುವ ಒಲೆ, ಕೂರಿಸುವ ಚೌಕವನ್ನು ಸ್ವಲ್ಪ ದೊಡ್ಡದಾಗಿಯೇ ಕೊಯ್ದು, ಒಳ ಅಂಚಿಗೆ ಅಲ್ಯೂಮಿನಿಯಂ ಟೇಪು ಸುತ್ತಬೇಕು. ಅಷ್ಟೇ.

ಇಷ್ಟೆಲ್ಲ ಕೇಳಿದ ಮೇಲೆ, ಇಷ್ಟು ತೊಂದರೆ ಯಾಕಪ್ಪಾ, ಕಲ್ಲೇ ಹಾಕಿಸೋಣ ಅಂತ ಅನಿಸಿದರೆ ಅದೂ ಸರಿಯಾದ ತೀರ್ಮಾನವೇ. ನಾನು ಮರದ ಪಕ್ಷ ವಹಿಸುವುದು ಮುಟ್ಟುವ ಸುಖಕ್ಕೆ. ಓಕ್‌ಗಿಂತ ಗ್ರಾನೈಟ್ ಹತ್ತು ಪಟ್ಟಿಗೂ ಹೆಚ್ಚು ಬೇಗ ಶಾಖ ಸಾಗಿಸುತ್ತದೆ. ಕೈ ಇಟ್ಟ ಕೂಡಲೇ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಅದಕ್ಕೇ ಕಲ್ಲು ತಣ್ಣಗೆ ಅನಿಸುವುದು. ಮರ ಎಳೆದುಕೊಳ್ಳುವುದಿಲ್ಲ. ಚಳಿಯ ಬೆಳಗ್ಗೆ ಮೊಣಕೈ ಊರಿ ನಿಂತರೆ ವ್ಯತ್ಯಾಸ ಗೊತ್ತಾಗುತ್ತದೆ. ಲೋಟ ಇಟ್ಟರೆ ಸದ್ದು ಮೆತ್ತಗಿರುತ್ತದೆ. ಕೈತಪ್ಪಿ ಬಿದ್ದ ಗಾಜಿನ ಬಟ್ಟಲು ಕೆಲವೊಮ್ಮೆ ಉಳಿದುಕೊಳ್ಳುತ್ತದೆ.

ಇನ್ನೊಂದು ಆಕ್ಷೇಪ ಯಾವಾಗಲೂ ಬರುತ್ತದೆ. ಮರದಲ್ಲಿ ರೋಗಾಣು ಸೇರಿಕೊಳ್ಳುವುದಿಲ್ಲವೇ? 1990ರ ದಶಕದ ಆರಂಭದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೀನ್ ಕ್ಲೈವರ್ ಮತ್ತು ಜೊತೆಗಾರರು ಹೆಚ್ಚುವ ಹಲಗೆಗಳ ಮೇಲೆ ಇದನ್ನು ಪರೀಕ್ಷಿಸಿದರು. ಮರದ ಮೇಲೆ ಹಾಕಿದ ಬ್ಯಾಕ್ಟೀರಿಯಾ ಎಳೆಯೊಳಗೆ ಇಳಿದುಹೋದವು, ಮೇಲಿನಿಂದ ಮತ್ತೆ ಸುಲಭವಾಗಿ ಸಿಗಲಿಲ್ಲ. ಚಾಕುವಿನ ಗೀರು ತುಂಬಿದ ಪ್ಲಾಸ್ಟಿಕ್ ಹಲಗೆಯಲ್ಲಿ ಮಾತ್ರ ಅವು ಉಳಿದುಕೊಂಡವು, ತೊಳೆದು ತೆಗೆಯುವುದೂ ಕಷ್ಟವಾಯಿತು. ಹಾಗಂತ ಮರವನ್ನು ತೊಳೆಯದೆ ಬಿಡಬಹುದು ಅಂತ ಅಲ್ಲ. ಸೋಪುನೀರಲ್ಲಿ ಒರೆಸಿ, ಒಣಬಟ್ಟೆಯಲ್ಲಿ ತೇವ ತೆಗೆದರೆ ಸಾಕು. ಕಟ್ಟೆಯ ಮೇಲೇ ನೇರವಾಗಿ ಹೆಚ್ಚುವುದು ಮಾತ್ರ ನನಗೆ ಇಷ್ಟವಿಲ್ಲ. ಅದಕ್ಕೆ ಬೇರೆ ಹಲಗೆ ಇರಲಿ.

ಈಗ ಒರೆಸುವ ಮಾತು ಬಂತಲ್ಲ, ಅದರ ಬಗ್ಗೆ ಸ್ವಲ್ಪ ಪ್ರಾಮಾಣಿಕವಾಗಿ ಯೋಚಿಸಬೇಕು. ನೀವು ಒರೆಸುತ್ತೀರಿ, ಸರಿ. ಮನೆಯಲ್ಲಿ ಮಿಕ್ಕವರು? ಮರದ ಆಸೆ ಒಬ್ಬರಿಗಿರುತ್ತದೆ, ಕಟ್ಟೆ ಬಳಸುವವರು ನಾಲ್ಕು ಜನ. ಒದ್ದೆ ಲೋಟ ಎಲ್ಲೆಂದರಲ್ಲಿ ಇಡುವವರ ಹಿಂದೆ ಬಟ್ಟೆ ಹಿಡಿದು ತಿರುಗುವುದು, “ಅಯ್ಯೋ ಅಲ್ಲಿಡಬೇಡಿ” ಅಂತ ಬಂದ ನೆಂಟರಿಗೆ ಹೇಳುವುದು ಚೆನ್ನಾಗಿರುತ್ತಾ? ನನ್ನ ಪರಿಚಯದ ಒಂದು ಮನೆಯಲ್ಲಿ ಕಟ್ಟೆಯ ಉದ್ದಕ್ಕೂ ಪ್ಲಾಸ್ಟಿಕ್ ಹಾಳೆ ಹಾಸಿದ್ದಾರೆ. ಕೆಳಗೆ ಒಳ್ಳೆಯ ವಾಲ್‌ನಟ್. ಅದನ್ನು ಯಾರೂ ಮುಟ್ಟುವುದೇ ಇಲ್ಲ. ಮಚ್ಚೆ, ಗೀರು, ಉಂಗುರ ಬೀಳುತ್ತವೆ ಅಂತ ಮೊದಲೇ ಒಪ್ಪಿಕೊಂಡವರ ಮನೆಯಲ್ಲಿ ಮಾತ್ರ ಮರ ನೆಮ್ಮದಿಯಾಗಿರುತ್ತದೆ.

ಈ ಒಪ್ಪಿಗೆ ಇದ್ದರೆ ಮೇಲೆ ಏನು ಹಚ್ಚಬೇಕು ಅನ್ನುವುದೂ ತಾನಾಗಿ ತೀರ್ಮಾನವಾಗುತ್ತದೆ. ವಾರ್ನಿಷ್ ಮರದ ಮೇಲೆ ಒಂದು ಪೊರೆ ಕಟ್ಟುತ್ತದೆ. ಇರುವಷ್ಟು ದಿನ ನೀರನ್ನು ಚೆನ್ನಾಗಿ ತಡೆಯುತ್ತದೆ. ಎಲ್ಲಾದರೂ ಒಂದು ಕಡೆ ಪೊರೆ ಒಡೆದರೆ ನೀರು ಅಡಿಗೆ ನುಗ್ಗಿ, ಹೊರಬರಲಾಗದೆ, ಮರ ಬೂದಿಯಾಗಿ ಆಮೇಲೆ ಕಪ್ಪಾಗುತ್ತದೆ. ಆಗ ಪೂರ್ತಿ ಕೆರೆದು ಮತ್ತೆ ಮಾಡಬೇಕು. ಎಣ್ಣೆ ಹಾಗಲ್ಲ. ಅದು ಅಷ್ಟು ಗಟ್ಟಿಯಾಗಿ ತಡೆಯುವುದಿಲ್ಲ, ಆದರೆ ಹಾಳಾದ ಒಂದು ಅಂಗೈಯಗಲ ಜಾಗವನ್ನಷ್ಟೇ ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಹಚ್ಚಬಹುದು. ಹಾರ್ಡ್‌ವ್ಯಾಕ್ಸ್ ಎಣ್ಣೆ ಅಂತ ಸಿಗುವುದು ಎಣ್ಣೆ ಮತ್ತು ಮೇಣದ ಮಿಶ್ರಣ, ಎರಡರ ನಡುವೆ ನಿಲ್ಲುತ್ತದೆ. ನನ್ನ ಒಲವು ಅದರ ಕಡೆಗೆ.

ಎಣ್ಣೆಯಲ್ಲೂ ಒಣಗುವುದು ಬೇರೆ, ಒಣಗದ್ದು ಬೇರೆ. ಅಗಸೆ ಎಣ್ಣೆ, ಟಂಗ್ ಎಣ್ಣೆ ಗಾಳಿಯ ಆಮ್ಲಜನಕ ಸೇರಿಸಿಕೊಂಡು ಗಟ್ಟಿಯಾಗುತ್ತವೆ. ಮಿನರಲ್ ಎಣ್ಣೆ ಎಂದೂ ಗಟ್ಟಿಯಾಗುವುದಿಲ್ಲ, ಮತ್ತೆ ಮತ್ತೆ ಹಚ್ಚುತ್ತಲೇ ಇರಬೇಕು. ಅಡುಗೆಗೆ ಬಳಸುವ ಎಣ್ಣೆಯನ್ನೇ ಬಳಿಯೋಣ ಅಂತ ಕೆಲವರು ಸಲಹೆ ಕೊಡುತ್ತಾರೆ. ಅವುಗಳಲ್ಲಿ ಹೆಚ್ಚಿನವು ಸರಿಯಾಗಿ ಒಣಗದೆ ಅಂಟಂಟಾಗಿ ಕಮಟುವಾಸನೆ ಹಿಡಿಯುತ್ತವೆ. “ಬೇಯಿಸಿದ ಅಗಸೆ ಎಣ್ಣೆ” ಅಂತ ಮಾರುವುದರಲ್ಲಿ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ, ಆಹಾರ ತಾಗುವ ಜಾಗಕ್ಕೆ ಆಗುತ್ತದೆ ಅಂತ ಡಬ್ಬದ ಮೇಲೆ ಬರೆದಿದ್ದರೆ ಮಾತ್ರ ತನ್ನಿ. ಒಂದು ಎಚ್ಚರಿಕೆ, ಇದು ತಮಾಷೆಯಲ್ಲ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾವಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲ ನೀರಿನಲ್ಲಿ ನೆನೆಸಿಡಿ.

ಮತ್ತೆ ಯಾವಾಗ ಹಚ್ಚಬೇಕು ಅನ್ನುವುದಕ್ಕೆ ಕ್ಯಾಲೆಂಡರ್ ಬೇಡ. ನಾಲ್ಕು ಹನಿ ನೀರು ಚಿಮುಕಿಸಿ. ಮುತ್ತಿನ ಹಾಗೆ ದುಂಡಗೆ ನಿಂತರೆ ಇನ್ನೂ ಸಮಯ ಇದೆ. ಹರಡಿಕೊಂಡು ಮರ ಕಪ್ಪಾದರೆ ಆ ವಾರವೇ ಮಾಡಿ. ಸಿಂಕಿನ ಕಡೆ ಆ ಸಮಯ ಬೇಗ, ಆಚೆ ತುದಿಯಲ್ಲಿ ತಡವಾಗಿ ಬರುತ್ತದೆ.

ಹಲಗೆ ಕೊಳ್ಳುವಾಗ ಇನ್ನೆರಡು ಮಾತು. ಪೂರ್ತಿ ಮರವೋ, ಒಳಗೆ ಪುಡಿಹಲಗೆ ಇಟ್ಟು ಮೇಲೆ ತೆಳು ಪದರ ಅಂಟಿಸಿದ್ದೋ ತಿಳಿಯಲು ತುದಿ ನೋಡಿ. ಮೇಲಿನ ಗೆರೆಗಳು ತುದಿಯಲ್ಲಿ ಉಂಗುರದ ತುಣುಕುಗಳಾಗಿ ಮುಂದುವರಿದರೆ ಅದು ಪೂರ್ತಿ ಮರ. ಒಂದೇ ಅಗಲ ಹಲಗೆಗಿಂತ ಕಿರಿದಾದ ಪಟ್ಟಿಗಳನ್ನು ಅಂಟಿಸಿ ಮಾಡಿದ್ದು ಕಡಿಮೆ ಸೊಟ್ಟಗಾಗುತ್ತದೆ, ಒಂದು ಪಟ್ಟಿ ಬಾಗಲು ಹೊರಟರೆ ಪಕ್ಕದ್ದು ಹಿಡಿದು ನಿಲ್ಲಿಸುತ್ತದೆ. ನೋಟಕ್ಕೆ ಅಗಲ ಹಲಗೆಯ ಗಾಂಭೀರ್ಯ ಅದಕ್ಕಿಲ್ಲ, ಒಪ್ಪಿದೆ. ದಪ್ಪ ಸಾಮಾನ್ಯವಾಗಿ 27ರಿಂದ 40 ಮಿಲಿಮೀಟರ್ ಇರುತ್ತದೆ. ಅಂಟು ನೀರು ತಡೆಯುವಂಥದ್ದೇ ಅಂತ ಕೇಳಿ ಖಚಿತಪಡಿಸಿಕೊಳ್ಳಿ. ತೇವ ಅಳೆಯುವ ಮೀಟರ್ ಒತ್ತಿ ತೋರಿಸಿ ಅಂತಲೂ ಕೇಳಿ. 8ರಿಂದ 12ರ ನಡುವೆ ಬಂದರೆ ಹೆಚ್ಚಿನ ಮನೆಗಳಿಗೆ ಸರಿ. ಹೊಸ ಮನೆಯಾದರೆ ಗಾರೆ ಪೂರ್ತಿ ಒಣಗುವ ಮುಂಚೆ ಹಲಗೆಯನ್ನು ಒಳಗೆ ತರಲೇಬೇಡಿ. ತಂದ ಮೇಲೆ ಗೋಡೆಗೆ ಒರಗಿಸದೆ, ಅಡಿಯಲ್ಲಿ ರೀಪರುಗಳನ್ನಿಟ್ಟು ಮಟ್ಟಸವಾಗಿ ಮಲಗಿಸಿ.

ಕೊನೆಗೆ ಮರದ ಹೆಸರು. ಬೀಚ್ ಗಟ್ಟಿ, ನೋಡಲು ಸಾದಾ, ಆದರೆ ತೇವಕ್ಕೆ ಬಹಳ ಅಲುಗುತ್ತದೆ. ಒಣ ಕಡೆಗೆ ಮಾತ್ರ. ಮೇಪಲ್ ಕೂಡ ಗಟ್ಟಿ, ತಿಳಿಬಣ್ಣ, ಕೊಳೆ ಬೇಗ ಕಾಣುತ್ತದೆ. ವಾಲ್‌ನಟ್ ಇವೆರಡಕ್ಕಿಂತ ಮೆತ್ತಗೆ, ಬೇಗ ತಗ್ಗು ಬೀಳುತ್ತದೆ. ಬೆಳಕಿಗೆ ವರ್ಷಗಳು ಹೋದಂತೆ ಅದರ ಬಣ್ಣ ತಿಳಿಯಾಗುತ್ತದೆ, ಚೆರಿ ಮರದ್ದು ಗಾಢವಾಗುತ್ತದೆ. ತೇಗ ಆಗಷ್ಟೇ ಕೀಸಿದಾಗ ಪಟ್ಟೆಪಟ್ಟೆಯಾಗಿ ಕೊಳಕಾಗಿ ಕಾಣುತ್ತದೆ, ಬೆಳಕು ಬಿದ್ದ ಮೇಲೆ ಹೊಂಬಣ್ಣಕ್ಕೆ ತಿರುಗುತ್ತದೆ. ತೇಗ ಅಂತ ಹೇಳಿ ಹೊರಗಿನ ಬೆಳ್ಳನೆಯ ಭಾಗ ಕೊಟ್ಟರೆ ಆ ಬಾಳಿಕೆ ಸಿಗುವುದಿಲ್ಲ, ಚೇಗು ನೋಡಿಯೇ ತೆಗೆದುಕೊಳ್ಳಿ. ಮರ ಎಲ್ಲಿಂದ ಬಂತು ಅಂತಲೂ ಕೇಳಿ. ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡು ತಂದ ಮರ ಅಂತ ಪ್ರಮಾಣೀಕರಿಸುವ, 1993ರಲ್ಲಿ ಶುರುವಾದ ಎಫ್‌ಎಸ್‌ಸಿ ಸಂಸ್ಥೆಯ ಗುರುತು ಇದ್ದರೆ ಕಾಡಿನ ಲೆಕ್ಕ ಯಾರೋ ಇಟ್ಟಿದ್ದಾರೆ ಅಂತಾದರೂ ಆಗುತ್ತದೆ.

ಇಷ್ಟಾದ ಮೇಲೂ ತೇಗವೋ ಬಿಳಿ ಓಕೋ ಅಂತ ಮನಸ್ಸು ಹೊಯ್ದಾಡುತ್ತಿದ್ದರೆ ಎರಡರದ್ದೂ ಒಂದೊಂದು ತುಂಡು ತರಿಸಿ. ನೀವು ಹಚ್ಚಬೇಕೆಂದಿರುವ ಎಣ್ಣೆಯನ್ನೇ ಹಚ್ಚಿ ಒಣಗಿಸಿ. ಆಮೇಲೆ ಈಗಿರುವ ಸಿಂಕಿನ ಪಕ್ಕ ಇಟ್ಟು, ಒಂದರ ಮೇಲೆ ಒದ್ದೆ ಲೋಟ, ಇನ್ನೊಂದರ ಮೇಲೆ ಒದ್ದೆ ಕಬ್ಬಿಣದ ಬಾಣಲೆ, ಮರುದಿನ ಅದಲುಬದಲು. ಮನೆಯವರಿಗೆ ಯಾರಿಗೂ ಏನೂ ಹೇಳಬೇಡಿ. ಎರಡು ವಾರ ಬಿಟ್ಟು ತೆಗೆದು ನೋಡಿ.